ಕಣ್ಣಿಲ್ಲದ ನಾಯಿಗೆ ಹೊಸ ಮನೆ ಪರಿಚಯ ಮಾಡಿಸುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಮೂರು ಹೆಚ್ಚುಕಮ್ಮಿ ಒಂದೇ ವಿಷಯದವು. ಹಾಗಾಗಿ ಬೇರೆ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವಕ್ಕೇ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಹಾಸನದ ವಿದ್ಯಾನಗರದಲ್ಲಿ ಇದ್ದೇನೆ, ಖಾಸಗಿ ಕಂಪನಿಯಲ್ಲಿ ಕೆಲಸ. ಮೊಬೈಲಿನಲ್ಲಿ ರುಮೇನಿಯಾ ದೇಶದ ಒಂದು ನಾಯಿಯ ಫೋಟೊ ನೋಡಿದೆ. ಐದಾರು ಕೆ.ಜಿ.ಯ ಪುಟ್ಟ ಹೆಣ್ಣು ನಾಯಿ, ಎರಡೂ ಕಣ್ಣಿಲ್ಲ. ಬೀದಿಯಿಂದ ತಂದು ಶೆಲ್ಟರಿನಲ್ಲಿ ಇಟ್ಟಿದ್ದಾರಂತೆ. ಮೂರು ದಿನದಿಂದ ಅದರ ಮುಖ ಮರೆಯಲು ಆಗುತ್ತಿಲ್ಲ. ದತ್ತು ತಗೊಂಡು ಹಾಸನಕ್ಕೆ ತರಿಸಿಕೊಳ್ಳಬಹುದಾ ಮೇಡಂ? ಫೋಟೊ ಹಾಕಿದವರು ಮುಂಗಡ ಕೇಳುತ್ತಿದ್ದಾರೆ.

ಉತ್ತರ: ಮುಂಗಡ ಹಾಕಬೇಡಿ. ಮಿಕ್ಕಿದ್ದೆಲ್ಲ ಆಮೇಲೆ.

ಹೊರದೇಶದಿಂದ ನಾಯಿ ತರುವುದಕ್ಕೆ ನಮ್ಮಲ್ಲಿ 2013ರಿಂದ ಬಿಗಿ ನಿಯಮ ಇದೆ. ಮರಿ ಹಾಕಿಸಿ ಮಾರುವುದಕ್ಕೆ ಅಂತ ವಿದೇಶಿ ನಾಯಿಗಳನ್ನು ತರಿಸುವುದು ವಿಪರೀತ ಆಗಿತ್ತು, ಅದನ್ನು ತಡೆಯಲು ಬಂದ ನಿಯಮ ಅದು. ವಿದೇಶದಲ್ಲಿ ಎರಡು ವರ್ಷ ಇದ್ದು, ವಾಸ ಬದಲಿಸಿ ಭಾರತಕ್ಕೆ ವಾಪಸ್ ಬರುವವರು ತಾವು ಸಾಕಿದ ಪ್ರಾಣಿಯನ್ನು ಜೊತೆಗೆ ತರಬಹುದು, ಒಬ್ಬರಿಗೆ ಎರಡರ ಮಿತಿ. ಅದು ಬಿಟ್ಟರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಲೈಸೆನ್ಸ್ ಬೇಕು. ಹಾಸನದಲ್ಲಿ ಕೂತು ಫೋಟೊ ನೋಡಿ ನಾಯಿ ತರಿಸಿಕೊಳ್ಳುತ್ತೇನೆ ಎನ್ನುವವರಿಗೆ ಅದು ಸಿಗುತ್ತದೆ ಅಂತ ನಂಬಿಕೊಂಡು ದುಡ್ಡು ಕಟ್ಟಬೇಡಿ. ಮುಂಗಡ ಹಾಕಿದ ಮೇಲೆ ಏನಾಗುತ್ತದೆ ಗೊತ್ತಾ? "ನಾಯಿ ಏರ್‌ಪೋರ್ಟಿಗೆ ಬಂದಿದೆ, ಕಸ್ಟಮ್ಸ್‌ನಲ್ಲಿ ತಡೆದಿದ್ದಾರೆ, ಇನ್ನಿಷ್ಟು ಹಾಕದಿದ್ದರೆ ಅದು ಅಲ್ಲೇ ಸಾಯುತ್ತದೆ" ಅಂತ ಫೋನ್ ಬರುತ್ತದೆ. ಮರುಕ ಇರುವವರನ್ನೇ ಹುಡುಕಿ ಮಾಡುವ ಮೋಸ ಇದು. ಈಗಾಗಲೇ ಹಣ ಹಾಕಿದ್ದರೆ ಇವತ್ತೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ಹಣ ಸಿಗುವುದು ಕಷ್ಟ.

ಫೋಟೊ ಸುಳ್ಳೇ ಇರಬೇಕು ಅಂತ ನಾನು ಹೇಳುತ್ತಿಲ್ಲ. ರುಮೇನಿಯಾದಲ್ಲಿ ಅಂಥ ನಾಯಿಗಳು ನಿಜವಾಗಿ ಇವೆ. 1980ರ ದಶಕದಲ್ಲಿ ಅಲ್ಲಿನ ಸರ್ವಾಧಿಕಾರಿ ಚೌಶೆಸ್ಕುವಿನ ಸರ್ಕಾರ ರಾಜಧಾನಿ ಬುಕಾರೆಸ್ಟ್ ನಗರದ ಹಳೇ ಮನೆಗಳನ್ನು ಕೆಡವಿ ಜನರನ್ನು ಅಪಾರ್ಟ್‌ಮೆಂಟುಗಳಿಗೆ ಸಾಗಿಸಿತು. ಅಂಗಳದಲ್ಲಿ ಸಾಕಿದ್ದ ನಾಯಿಗಳು ಬೀದಿಗೆ ಬಿದ್ದವು, ಅಲ್ಲೇ ಮರಿ ಹಾಕಿ ಹೆಚ್ಚಿದವು. 2013ರಲ್ಲಿ ಅದೇ ಊರಿನಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ನಾಯಿಗಳ ದಾಳಿಯಲ್ಲಿ ಸತ್ತ. ಆಮೇಲೆ ಬಂದ ಕಾನೂನಿನಲ್ಲಿ, ಹಿಡಿದು ತಂದ ನಾಯಿಯನ್ನು ಯಾರೂ ಒಯ್ಯದಿದ್ದರೆ ಕೊಲ್ಲಬಹುದು ಅಂತಾಯಿತು. 14 ಕೆಲಸದ ದಿನಗಳ ಗಡುವು. ಇಂಗ್ಲೆಂಡ್, ಜರ್ಮನಿಯವರು ಅಲ್ಲಿಂದ ನಾಯಿ ತರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಅಂಥ ಜಾಗದಲ್ಲಿ ಕಣ್ಣಿಲ್ಲದ ನಾಯಿಯನ್ನು ಕೈ ತೋರಿಸಿ ಕೇಳುವವರು ಕಡಿಮೆ, ನಿಮಗೆ ಕರುಳು ಚುರುಕ್ ಎಂದಿದ್ದು ಸಹಜ.

ನಿಮ್ಮ ಮನಸ್ಸು ಗಟ್ಟಿ ಇದ್ದರೆ ಊರಲ್ಲೇ ಹುಡುಕಿ. ಪಶುವೈದ್ಯಕೀಯ ಕಾಲೇಜು ನಿಮ್ಮ ಹಾಸನದಲ್ಲೇ ಇದೆ. ಅಲ್ಲಿ, ಮತ್ತೆ ಊರಿನ ಪಶು ಆಸ್ಪತ್ರೆಯಲ್ಲಿ ನಿಮ್ಮ ನಂಬರ್ ಕೊಟ್ಟು ಬನ್ನಿ, ಕಣ್ಣು ಹೋದ ನಾಯಿಯನ್ನು ಯಾರಾದರೂ ಬಿಟ್ಟು ಹೋದರೆ ತಿಳಿಸಿ ಅಂತ. ಶಿಟ್ಜು, ಪಗ್ ಥರದ ಚಪ್ಪಟೆ ಮುಖದ ನಾಯಿಗಳ ಕಣ್ಣುಗುಡ್ಡೆ ಸಣ್ಣ ಏಟಿಗೂ, ಬೇರೆ ನಾಯಿ ಕುತ್ತಿಗೆಗೆ ಬಾಯಿ ಹಾಕಿದರೂ ಹೊರಗೆ ಬಂದುಬಿಡುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತಂದವರೇ ಆಮೇಲೆ "ನೀವೇ ಇಟ್ಕೊಳ್ಳಿ ಡಾಕ್ಟ್ರೇ" ಅಂತ ಮೇಜಿನ ಮೇಲೆ ಬಿಟ್ಟು ಹೋಗಿದ್ದನ್ನು ನಾನು ನೋಡಿದ್ದೇನೆ. ಬೀದಿ ಮರಿಗಳಲ್ಲಿ ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ ಬಂದು ಬದುಕಿಕೊಂಡವುಗಳಿಗೂ ಕೆಲವೊಮ್ಮೆ ದೃಷ್ಟಿ ಹೋಗಿರುತ್ತದೆ. ಇಂಥ ಒಂದು ನಾಯಿ ನಿಮಗೆ ಸಿಗಲು ಏರ್‌ಪೋರ್ಟ್ ದಾಟಬೇಕಿಲ್ಲ.

ಪ್ರಶ್ನೆ: ಅರಸೀಕೆರೆಯಿಂದ ಬರೆಯುತ್ತಿದ್ದೇನೆ. ನಮ್ಮ ಪಮೇರಿಯನ್‌ಗೆ 10 ವರ್ಷ. ಕಣ್ಣಿನ ಒಳಗೆ ನೀಲಿ-ಬೂದು ಬಣ್ಣ ಕಾಣುತ್ತಿದೆ. ಪೊರೆಯಾ? ಕುರುಡಾಗಿಬಿಡುತ್ತಾ?

ಉತ್ತರ: ವಯಸ್ಸಾದ ನಾಯಿಗಳ ಕಣ್ಣಿನ ಮಸೂರ ಗಟ್ಟಿಯಾಗುತ್ತಾ ನೀಲಿ ಮಬ್ಬು ಕಾಣಿಸುತ್ತದೆ. ಅದರಿಂದ ದೃಷ್ಟಿ ಅಷ್ಟೇನೂ ಹೋಗುವುದಿಲ್ಲ. ಪೊರೆ ಆದರೆ ಬೆಳ್ಳಗೆ, ಹಾಲಿನ ಹನಿ ನಿಂತ ಹಾಗೆ ಕಾಣುತ್ತದೆ. ಒಂದು ತುಂಡು ಹತ್ತಿಯನ್ನು ಅದರ ಮುಂದೆ ಸದ್ದಿಲ್ಲದೆ ಬೀಳಿಸಿ ನೋಡಿ, ಕಣ್ಣು ಅದರ ಹಿಂದೆ ಹೋದರೆ ಕಾಣುತ್ತಿದೆ ಎಂದರ್ಥ. ಆದರೂ ಒಮ್ಮೆ ಡಾಕ್ಟರಿಗೆ ತೋರಿಸಿ. ನೀರು ಜಾಸ್ತಿ ಕುಡಿಯುತ್ತಿದೆಯಾ, ಮೂತ್ರ ಜಾಸ್ತಿ ಆಗಿದೆಯಾ ಗಮನಿಸಿ, ಸಕ್ಕರೆ ಕಾಯಿಲೆ ಬಂದ ನಾಯಿಗೆ ಪೊರೆ ಬೇಗ ಕೂರುತ್ತದೆ. ಕಣ್ಣು ಕೆಂಪಾಗಿ, ಉಬ್ಬಿ, ನಾಯಿ ಮುಖವನ್ನು ನೆಲಕ್ಕೆ ಉಜ್ಜುತ್ತಿದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ. ಕಣ್ಣಿನ ಒತ್ತಡ ಏರಿದಾಗ ಹೀಗಾಗುತ್ತದೆ, ಬಹಳ ನೋವಿರುತ್ತದೆ.

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನಮ್ಮದು ಚಿಕ್ಕಮಗಳೂರು ತಾಲ್ಲೂಕು ಆಲ್ದೂರು ಕಡೆ ಸಣ್ಣ ಕಾಫಿ ತೋಟ. ಮಗ-ಸೊಸೆ ಐದು ವರ್ಷದಿಂದ ಇಂಗ್ಲೆಂಡಿನಲ್ಲಿ ಇದ್ದರು, ಈಗ ಎಲ್ಲಾ ಕಟ್ಟಿಕೊಂಡು ಊರಿಗೇ ಬರುತ್ತಿದ್ದಾರೆ, ಜೂನ್ ಕೊನೆಗೆ. ಜೊತೆಗೆ ಒಂದು ನಾಯಿ. ಅದನ್ನು ರುಮೇನಿಯಾ ಅನ್ನುವ ದೇಶದಿಂದ ತಂದು ಸಾಕಿದ್ದಂತೆ. ಏಳು ಕೆ.ಜಿ. ಇದೆ, ಎರಡು ಕಣ್ಣೂ ತೆಗೆಸಿದ್ದಾರೆ. ನನಗೆ ನಾಯಿ ಎಂದರೆ ಬೇಸರ ಇಲ್ಲ, ಮನೆಯಲ್ಲಿ ಎರಡು ಇವೆ. ಆದರೆ ನಮ್ಮದು ಹಳೇ ಮನೆ. ಹೊಸ್ತಿಲು ಎತ್ತರ, ಜಗುಲಿಗೆ ಮೆಟ್ಟಿಲು, ಹಿಂದೆ ಬಾವಿ, ಸಂಜೆಯಾದರೆ ಚಿರತೆ ಭಯ. ಕುರುಡು ನಾಯಿ ಮನೆಗೆ ಒಳ್ಳೇದಲ್ಲ ಅಂತ ನೆಂಟರು ಬೇರೆ ಹೇಳುತ್ತಾರೆ. ಆ ನಾಯಿಗೆ ಇಂಗ್ಲಿಷ್ ಬಿಟ್ಟರೆ ಏನೂ ತಿಳಿಯಲ್ಲ, ನನಗೆ ಇಂಗ್ಲಿಷ್ ಬರಲ್ಲ. ನನಗೆ 66 ವರ್ಷ. ಹಗಲು ಹೊತ್ತು ಅದು ನನ್ನ ಕೈಯಲ್ಲೇ ಇರುತ್ತದೆ. ಏನೇನು ಮಾಡಲಿ ಹೇಳಿ.

ಉತ್ತರ: ಅಮ್ಮಾ, ನಿಮ್ಮ ಪತ್ರ ಎರಡು ಸಲ ಓದಿದೆ. ಬಾವಿ, ಹೊಸ್ತಿಲು, ಚಿರತೆ ಎಲ್ಲಾ ನೀವೇ ಲೆಕ್ಕ ಹಾಕಿಬಿಟ್ಟಿದ್ದೀರಿ. ನೆಂಟರ ಮಾತನ್ನು ಬಿಟ್ಟುಬಿಡಿ. ಪ್ರಾಣಿಗೆ ಕಣ್ಣಿಲ್ಲದ್ದರಿಂದ ಮನೆಗೆ ಕೆಟ್ಟದಾಗುವುದು ಅಂತ ಒಂದಿಲ್ಲ.

ಕಣ್ಣು ತೆಗೆಸಿದ್ದಾರೆ ಎಂದಿರಲ್ಲ, ಅದು ಒಂದು ಲೆಕ್ಕಕ್ಕೆ ನೆಮ್ಮದಿ. ಕೆಟ್ಟ ಕಣ್ಣು ಒಳಗೇ ಉಳಿದರೆ ನೋವು ಕೊಡುತ್ತಾ ಇರುತ್ತದೆ. ತೆಗೆದು ಹೊಲಿಗೆ ಹಾಕಿದ ಮೇಲೆ ಆ ನೋವು ಮುಗಿದ ಹಾಗೆ. ಇನ್ನು ಅದು ಮೂಗು, ಕಿವಿ, ಮೀಸೆ, ಪಾದ ಇಷ್ಟರಲ್ಲೇ ಬದುಕುತ್ತದೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಐವತ್ತು-ಅರವತ್ತು ಲಕ್ಷ ಇದ್ದರೆ, ಸಣ್ಣ ನಾಯಿಗೂ ಹತ್ತು ಕೋಟಿ ದಾಟುತ್ತವೆ. ಮೀಸೆ ಎಂದೆನಲ್ಲ, ಅದನ್ನು ಯಾರೂ ಕತ್ತರಿಸದ ಹಾಗೆ ನೋಡಿಕೊಳ್ಳಿ. ಗೋಡೆ ಹತ್ತಿರ ಬಂತು ಅಂತ ಅದಕ್ಕೆ ಮೊದಲು ಹೇಳುವುದು ಮೀಸೆ.

ಬೇಲೂರು ಹತ್ತಿರದ ಒಂದು ಮನೆಗೆ ಹಸು ನೋಡಲು ಹೋದಾಗ ಅಲ್ಲಿನ ಕುರುಡು ನಾಯಿಯನ್ನು ಅರ್ಧ ಗಂಟೆ ನೋಡುತ್ತಾ ನಿಂತಿದ್ದೆ. ಅಡುಗೆಮನೆಯಿಂದ ಹೊರಟಿತು. ಎಡಗಡೆ ಮೀಸೆ ಗೋಡೆಗೆ ತಾಗಿಯೂ ತಾಗದ ಹಾಗೆ ಇಟ್ಟುಕೊಂಡು ನಡುಮನೆ ದಾಟಿತು. ಬಾಗಿಲು ಬರುವ ಒಂದು ಹೆಜ್ಜೆ ಮೊದಲೇ ನಿಂತಿತು. ಮುಂಗಾಲನ್ನು ಬೇಕಾದ್ದಕ್ಕಿಂತ ಜಾಸ್ತಿ ಎತ್ತಿ, ಗಾಳಿಯಲ್ಲಿ ಒಂದು ಗಳಿಗೆ ಹಿಡಿದು, ಹೊಸ್ತಿಲ ಆಚೆ ಇಟ್ಟಿತು. ಆಮೇಲೆ ಇನ್ನೊಂದು ಕಾಲು. ಹೊಸಬರಿಗೆ ಅದು ಕುರುಡು ಅಂತ ಗೊತ್ತೇ ಆಗುತ್ತಿರಲಿಲ್ಲ. ಅಷ್ಟರಲ್ಲಿ ಮನೆಯ ಹುಡುಗ ಹಿಂಡಿ ಚೀಲ ತಂದು ಜಗುಲಿ ಮಧ್ಯೆ ಇಟ್ಟು ಹೋದ. ವಾಪಸ್ ಬರುವಾಗ ನಾಯಿ ನೇರ ಹೋಗಿ ಚೀಲಕ್ಕೆ ಮುಖ ಬಡಿದುಕೊಂಡಿತು. ಒಂದು ಸದ್ದೂ ಮಾಡಲಿಲ್ಲ. ಅಲ್ಲೇ ಕೂತುಬಿಟ್ಟಿತು, ಎತ್ತ ಹೋಗಬೇಕು ಅಂತ ತಿಳಿಯದೆ. ಮನೆಯ ಅಜ್ಜಿ ಬಂದು ಬಳೆ ಆಡಿಸಿದ ಮೇಲೆ ಆ ಸದ್ದಿನ ಕಡೆ ಎದ್ದು ಬಂತು.

ಅಮ್ಮಾ, ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದ್ದು ಇದನ್ನೇ. ಹೊಸ್ತಿಲು, ಮೆಟ್ಟಿಲು ಎತ್ತರ ಇದ್ದರೆ ಪರವಾಗಿಲ್ಲ, ಅವು ಎಲ್ಲೂ ಓಡಿ ಹೋಗುವುದಿಲ್ಲ, ಒಂದು ವಾರದಲ್ಲಿ ಕಲಿತುಬಿಡುತ್ತದೆ. ನಾವು ಜಾಗ ಬದಲಿಸುವ ಸಾಮಾನುಗಳೇ ಅದಕ್ಕೆ ಕಷ್ಟ. ಕುರ್ಚಿ, ಬಕೆಟ್, ಗೊಬ್ಬರದ ಚೀಲ, ಒಣಗಲು ತಂದಿಟ್ಟ ಛತ್ರಿ, ಬಾಗಿಲಲ್ಲಿ ಬಿಟ್ಟ ಗಮ್ ಬೂಟು. ಅದು ಬರುವ ಮುಂಚೆ ಮನೆಯವರಿಗೆಲ್ಲ, ಕೆಲಸಕ್ಕೆ ಬರುವವರಿಗೂ ಹೇಳಿಡಿ, ಇಟ್ಟದ್ದು ಇಟ್ಟಲ್ಲೇ ಇರಬೇಕು ಅಂತ. ಬಾಗಿಲುಗಳು ಪೂರ್ತಿ ತೆರೆದಿರಬೇಕು, ಇಲ್ಲ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದ ಬಾಗಿಲಿನ ಅಂಚಿಗೆ ಮುಖ ಒಡೆದುಕೊಂಡು ಬರುವ ನಾಯಿಗಳೇ ನಮ್ಮಲ್ಲಿಗೆ ಜಾಸ್ತಿ.

ಮೊದಲ ಮೂರು-ನಾಲ್ಕು ದಿನ ಇಡೀ ಮನೆ ಸುತ್ತಾಡಿಸಬೇಡಿ. ಒಂದೇ ಕೋಣೆ ಕೊಡಿ. ನೀರಿನ ಬಟ್ಟಲು, ಊಟದ ತಟ್ಟೆ, ಹಾಸಿಗೆ ಮೂರೂ ಅಲ್ಲೇ, ದಿನಾ ಅದೇ ಜಾಗದಲ್ಲಿ. ಆ ಕೋಣೆಯಲ್ಲಿ ಬಾಲ ಎತ್ತಿ ಓಡಾಡಲು ಶುರು ಮಾಡಿದ ಮೇಲೆ ಮುಂದಿನ ಕೋಣೆ. ದಾರಿ ತಪ್ಪಿ ಗಾಬರಿಯಾದರೆ ಎತ್ತಿಕೊಂಡು ಬೇರೆಲ್ಲೋ ಇಳಿಸಬೇಡಿ, ಕರೆದು ನೀರಿನ ಬಟ್ಟಲ ಹತ್ತಿರ ತಂದು ಬಿಡಿ. ಅಲ್ಲಿಂದ ಅದಕ್ಕೆ ಮಿಕ್ಕಿದ ದಾರಿ ಗೊತ್ತು. ಮೆಟ್ಟಿಲ ತುದಿಗೆ, ಹೊಸ್ತಿಲ ಒಳಗೆ ಒಂದೊಂದು ಗೋಣಿತಾಟು ಹಾಸಿ. ಪಾದಕ್ಕೆ ಗೋಣಿ ಸಿಕ್ಕರೆ ಮುಂದೆ ಎತ್ತರ-ತಗ್ಗು ಇದೆ ಅಂತ ಎರಡು ದಿನದಲ್ಲಿ ಕಲಿಯುತ್ತದೆ.

ಮುಟ್ಟುವ ಮುಂಚೆ ಮಾತಾಡಿ. ನಿದ್ದೆಯಲ್ಲಿ ಇದ್ದಾಗಂತೂ ಹತ್ತಿರ ಹೋಗಿ ಮೆಲ್ಲಗೆ ಹೆಸರು ಕರೆದು, ಅದು ತಲೆ ಎತ್ತಿದ ಮೇಲೇ ಕೈ ಹಾಕಿ. ಬೆಚ್ಚಿಬಿದ್ದ ನಾಯಿ ಎಷ್ಟು ಸಾಧು ಆದರೂ ಕಚ್ಚಬಹುದು. ಊರಿನ ಮಕ್ಕಳು ನೋಡಲು ಬರುತ್ತಾರಲ್ಲ, ಅವರಿಗೆ ಇದನ್ನು ಮೊದಲೇ ಹೇಳಿ.

ಇಂಗ್ಲಿಷಿನ ವಿಷಯಕ್ಕೆ ಸಂಕೋಚ ಬೇಡಮ್ಮ. ನಾಯಿಗೆ ಭಾಷೆ ಇಲ್ಲ, ಸದ್ದು ಮಾತ್ರ. ಈ ನಾಯಿ ಹುಟ್ಟಿದ ದೇಶದಲ್ಲಿ ಒಂದು ಭಾಷೆ ಕೇಳಿ, ಇಂಗ್ಲೆಂಡಿನಲ್ಲಿ ಇನ್ನೊಂದು ಕಲಿತಿದೆ, ಕನ್ನಡ ಮೂರನೆಯದು. ಮಗನಿಗೆ ಈಗಿನಿಂದಲೇ ಹೀಗೆ ಮಾಡಲು ಹೇಳಿ: ಮೊದಲು "ಮೆಟ್ಲು" ಎನ್ನಬೇಕು, ತಕ್ಷಣ ಅದಕ್ಕೆ ಗೊತ್ತಿರುವ ಇಂಗ್ಲಿಷ್ ಮಾತು ಹೇಳಬೇಕು. ಹತ್ತು ಹದಿನೈದು ದಿನ ಹಾಗೆ ಹೇಳಿದರೆ ಕನ್ನಡದ ಮಾತು ಕೇಳಿದ ಕೂಡಲೇ ಕಾಲು ಎತ್ತುತ್ತದೆ, ಆಮೇಲೆ ಇಂಗ್ಲಿಷ್ ಬಿಟ್ಟುಬಿಡಬಹುದು. "ಹತ್ತು", "ಇಳಿ", "ನಿಲ್ಲು", "ಬಾ", ಐದಾರು ಮಾತು ಸಾಕು. ಮನೆಯವರೆಲ್ಲ ಅದೇ ಮಾತು ಬಳಸಬೇಕು. ಒಬ್ಬರು "ನಿಲ್ಲು", ಇನ್ನೊಬ್ಬರು "ತಡಿ" ಅಂದರೆ ಪಾಪ ಅದು ಏನು ಮಾಡಬೇಕು?

ನಿಮ್ಮ ಎರಡು ನಾಯಿಗಳ ಕೊರಳಿಗೆ ಗೆಜ್ಜೆ ಕಟ್ಟಿ, ಅವು ಎಲ್ಲಿವೆ ಅಂತ ಇದಕ್ಕೆ ಗೊತ್ತಾಗಲಿ. ಮೊದಲ ಭೇಟಿ ಮನೆ ಒಳಗೆ ಬೇಡ, ಅಂಗಳದಲ್ಲಿ, ಮೂರಕ್ಕೂ ಹಗ್ಗ ಇರಲಿ. ನಾಯಿಗಳು ಒಂದರ ಮುಖ ಇನ್ನೊಂದು ನೋಡಿಯೇ ಸಲಿಗೆ, ಸಿಟ್ಟು ಎಲ್ಲಾ ತಿಳಿದುಕೊಳ್ಳುವುದು. ಇದು ನೇರ ಮೈಮೇಲೇ ಬರುತ್ತದೆ, ನಿಮ್ಮ ನಾಯಿ ಗುರ್ ಎನ್ನುವ ಮುಂಚೆ ಕೊಡುವ ಎಚ್ಚರಿಕೆಯ ನೋಟ ಇದಕ್ಕೆ ಕಾಣುವುದೇ ಇಲ್ಲ. ಆದ್ದರಿಂದ ಸ್ವಲ್ಪ ದಿನ ನೀವು ಮಧ್ಯೆ ಇರಬೇಕು, ಊಟ ಬೇರೆ ಬೇರೆ ಕಡೆ ಹಾಕಬೇಕು.

ಈಗ ಮಲೆನಾಡಿನ ತಾಪತ್ರಯಗಳು. ಬಾವಿಗೆ ಕಟ್ಟೆ ಇದ್ದರೂ ಮೇಲೆ ಕಬ್ಬಿಣದ ಜಾಲರಿ ಹಾಕಿಸಿಬಿಡಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರಿನ ಗುಂಡಿಗೂ ಸುತ್ತ ಬೇಲಿ ಬೇಕು. ಚಿರತೆಗೆ ನಾಯಿ ಎಂದರೆ ಎಷ್ಟು ಇಷ್ಟ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಸಂಜೆ ಐದೂವರೆಗೆ ಒಳಗೆ, ರಾತ್ರಿ ಬಾಗಿಲು ಹಾಕಿದ ಕೋಣೆಯಲ್ಲಿ ಮಲಗಬೇಕು. ಜಗುಲಿಯಲ್ಲಿ ಕಟ್ಟಿ ಹಾಕುವುದಂತೂ ಬೇಡವೇ ಬೇಡ. ತೋಟದ ಒಳಗೆ ಹಗ್ಗ ಇಲ್ಲದೆ ಯಾವತ್ತೂ ಬಿಡಬೇಡಿ, ಹಂದಿಗೆ ಇಟ್ಟ ಉರುಳು ಕಣ್ಣಿದ್ದ ನಾಯಿಗೇ ಕಾಣುವುದಿಲ್ಲ. ಗಿಡಗಳಿಗೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆದ ದಿನ ಆ ಕಡೆ ಬೇಡ, ಮೂಗು ನೆಲಕ್ಕೆ ಇಟ್ಟು ನಡೆಯುವ ಪ್ರಾಣಿ ಅದು. ಇಂಬಳ ಮೂಗಿನೊಳಗೆ ಹೋದರೆ ಪದೇ ಪದೇ ಸೀನುತ್ತದೆ, ರಕ್ತ ಬರುತ್ತದೆ. ಹಾಗಾದರೆ ಕಡ್ಡಿ ಹಾಕಿ ತೆಗೆಯಲು ಹೋಗದೆ ಕರೆದುಕೊಂಡು ಬನ್ನಿ.

ಉಣುಗಿನ ವಿಷಯ ಮಾತ್ರ ಹಗುರವಾಗಿ ತಗೊಳ್ಳಬೇಡಿ. ನಮ್ಮ ಕಡೆ ನಾಯಿಗಳಿಗೆ ಉಣುಗಿನಿಂದ ಬರುವ ಜ್ವರ ಬಹಳ. ಅದರಲ್ಲಿ ಒಂದು ಬಗೆ ಕಣ್ಣಿಗೂ ಕೂತು ಕುರುಡು ಮಾಡುತ್ತದೆ, ಇದಕ್ಕೆ ಆ ಭಯ ಇಲ್ಲ ನಿಜ, ಆದರೆ ಜೀವಕ್ಕೇ ಕುತ್ತಾಗಬಹುದು. ಬಂದ ದಿನದಿಂದಲೇ ಉಣುಗಿನ ಮಾತ್ರೆ ಶುರುವಾಗಬೇಕು. ಊಟ ಬಿಟ್ಟು ಮಂಕಾಗಿ ಮಲಗಿದರೆ "ಹೊಸ ಜಾಗ, ಬೇಸರ" ಅಂತ ಎರಡು ದಿನ ಕಾಯಬೇಡಿ, ಒಸಡು ಬಿಳಿಚಿದೆಯಾ ನೋಡಿ, ರಕ್ತ ಪರೀಕ್ಷೆ ಮಾಡಿಸಿ.

ಇನ್ನೊಂದು, ಇದನ್ನು ಯಾರೂ ಯೋಚಿಸಿರುವುದಿಲ್ಲ. ಜೂನ್ ಕೊನೆ ಎಂದರೆ ನಿಮ್ಮಲ್ಲಿ ಮಳೆ ಹಿಡಿದಿರುತ್ತದೆ. ತಗಡಿನ ಶೀಟಿನ ಮೇಲೆ ಆ ಮಳೆ ಹೊಯ್ಯುವಾಗ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ ಅಲ್ವಾ? ಕಣ್ಣಿಲ್ಲದ ನಾಯಿಗೆ ಆಗ ಕಿವಿಯೂ ಹೋದ ಹಾಗೆ. ಅಂಗಳದ ವಾಸನೆಗಳೂ ತೊಳೆದು ಹೋಗಿರುತ್ತವೆ. ಹಾಗಾಗಿ ಅದಕ್ಕೆ ಕೊಡುವ ಕೋಣೆ ಶೀಟಿನ ಕೆಳಗೆ ಇರುವುದು ಬೇಡ, ಹೆಂಚಿನ ಕೆಳಗೆ, ಅಟ್ಟ ಇರುವ ಕೋಣೆ ಆದರೆ ಇನ್ನೂ ಒಳ್ಳೆಯದು. ಜೋರು ಮಳೆಯಲ್ಲಿ ಕರೆದರೆ ಬರಲಿಲ್ಲ ಅಂತ ಬೈಯಬೇಡಿ, ಹತ್ತಿರ ಹೋಗಿ ನೆಲ ತಟ್ಟಿ. ಪಾದದಲ್ಲಿ ಆ ಅದುರು ಗೊತ್ತಾಗುತ್ತದೆ.

ಮಗನಿಗೆ ಹೇಳಬೇಕಾದ್ದು ಒಂದಿಷ್ಟು ಇದೆ. ಐದು ವರ್ಷ ಅಲ್ಲಿದ್ದು ವಾಸ ಬದಲಿಸಿ ಬರುತ್ತಿರುವುದರಿಂದ ನಾಯಿ ತರಲು ಅವರಿಗೆ ದಾರಿ ಇದೆ. ರೇಬಿಸ್ ಲಸಿಕೆ ಹೊರಡುವ ದಿನಕ್ಕೆ ಒಂದು ತಿಂಗಳು ದಾಟಿರಬೇಕು, ವರ್ಷ ಮೀರಿರಬಾರದು. ಮೈಕ್ರೋಚಿಪ್ ನಂಬರ್ ಎಲ್ಲಾ ಕಾಗದದಲ್ಲೂ ಒಂದೇ ಇರಬೇಕು. ಅಲ್ಲಿನ ಸರ್ಕಾರ ಒಪ್ಪಿದ ಪಶುವೈದ್ಯರ ಆರೋಗ್ಯ ಪತ್ರ, ಬೆಂಗಳೂರಿನಲ್ಲಿರುವ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕೇಂದ್ರದ ಆಕ್ಷೇಪಣೆ ಇಲ್ಲದ ಪತ್ರ ಎರಡೂ ಮುಂಚೆಯೇ ಕೈಯಲ್ಲಿರಬೇಕು. ನಿಯಮಗಳು ಆಗಾಗ ಬದಲಾಗುತ್ತವೆ, ಟಿಕೆಟ್ ಮಾಡುವ ಮುಂಚೆ ಆ ಕೇಂದ್ರದವರನ್ನೇ ಕೇಳಲಿ. ನಾಯಿ ರುಮೇನಿಯಾದ್ದು ಎಂದಿರಿ, ಹಾಗಾದರೆ ಬ್ರೂಸೆಲ್ಲಾ, ಲೀಷ್ಮೇನಿಯಾ ಎಂಬ ಸೋಂಕುಗಳು, ಹೃದಯದ ಹುಳು ಇವುಗಳ ಪರೀಕ್ಷೆ ಆಗಿದೆಯಾ ಅಂತ ಅಲ್ಲಿನ ಡಾಕ್ಟರನ್ನು ವಿಚಾರಿಸಲಿ. ಬ್ರೂಸೆಲ್ಲಾ ಮನುಷ್ಯರಿಗೂ ಅಪರೂಪಕ್ಕೆ ತಗಲಬಹುದು, ನಿಮ್ಮ ಬೇರೆ ನಾಯಿಗಳಿಗಂತೂ ಹರಡಬಹುದು. ವಿಮಾನದಲ್ಲಿ ನಿದ್ದೆ ಬರಲಿ ಅಂತ ಔಷಧಿ ಕೊಡುವುದು ಬೇಡ, ಉಸಿರಾಟ, ರಕ್ತದೊತ್ತಡ ಏರುಪೇರಾಗುತ್ತದೆ. ಪಂಜರದಲ್ಲಿ ಎದ್ದು ನಿಂತು ತಿರುಗಿ ಮಲಗುವಷ್ಟು ಜಾಗ ಇರಬೇಕು, ಈಗಿನಿಂದಲೇ ಮನೆಯಲ್ಲಿ ಅದರೊಳಗೇ ಮಲಗಿಸಿ ರೂಢಿ ಮಾಡಿಸಲಿ. ದೇವನಹಳ್ಳಿಯಿಂದ ನಿಮ್ಮೂರಿಗೆ ಕಾರಿನಲ್ಲೂ ಐದಾರು ಗಂಟೆ ಹಿಡಿಯುತ್ತದೆ. ಚನ್ನರಾಯಪಟ್ಟಣದ ಆಸುಪಾಸು ಒಮ್ಮೆ ನಿಲ್ಲಿಸಿ ನೀರು ಕೊಡಲಿ, ಆದರೆ ಕಾರಿನ ಬಾಗಿಲು ತೆರೆಯುವ ಮುಂಚೆ ಕೊರಳಪಟ್ಟಿಗೆ ಹಗ್ಗ ಹಾಕಿರಬೇಕು.

ನೀವು ಈ ವಾರವೇ ಮಾಡಬಹುದಾದ ಒಂದು ಕೆಲಸ ಇದೆ. ನೀವು ಉಟ್ಟು ಹಳತಾದ ಒಂದು ಹತ್ತಿ ಸೀರೆ ತೆಗೆದುಕೊಳ್ಳಿ. ಎರಡು ರಾತ್ರಿ ಅದನ್ನೇ ಹೊದ್ದು ಮಲಗಿ, ಒಗೆಯಬೇಡಿ. ಹಾಗೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಮಗನಿಗೆ ಪಾರ್ಸೆಲ್ ಮಾಡಿ, ಇಲ್ಲ ಆ ಕಡೆ ಹೋಗುವವರು ಯಾರಾದರೂ ಇದ್ದರೆ ಅವರ ಕೈಲಿ ಕಳಿಸಿ. ಸೀರೆ ಅಲ್ಲಿಗೆ ತಲುಪಿದ ದಿನದಿಂದ ನಾಯಿಯ ಹಾಸಿಗೆಗೆ ಅದನ್ನೇ ಹಾಸಲಿ, ಪಂಜರದಲ್ಲೂ ಅದೇ ಇರಲಿ. ಜೂನ್ ಕೊನೆಗೆ ನಾಯಿ ನಿಮ್ಮ ಅಂಗಳದಲ್ಲಿ ಇಳಿದಾಗ ನೀವು ಎದುರಿಗೆ ಹೋಗಬೇಡಿ, ಜಗುಲಿ ಮೇಲೆ ಸುಮ್ನೆ ಕೂತಿರಿ. ವಾಸನೆ ಹಿಡಿದುಕೊಂಡು ಅದೇ ನಿಮ್ಮ ಹತ್ತಿರ ಬರುತ್ತದೆ. ಬಂದ ಮೇಲೆ ಕೈ ಕೆಳಗೆ ಇಟ್ಟು, ಮೆಲ್ಲಗೆ ಹೆಸರು ಹೇಳಿ. ನೀವು ಪತ್ರದಲ್ಲಿ ಅದರ ಹೆಸರು ಬರೆಯಲಿಲ್ಲ, ಊರಿಗೆ ಬಂದ ಮೇಲೆ ಒಂದು ಸಾಲು ಬರೆದು ತಿಳಿಸಿ.